ಗುಂಡಿಗೆ ರಾಜಧಾನಿ ತೋರಿಸಿದ್ದು

ಮಾರ್ಚ್ ೨, ಶನಿವಾರ

ಹೂಂ, ಒಪ್ಪಿಬಿಟ್ಟರು! ನಿನ್ನೆ ಅಷ್ಟೊಂದು ಗೋಳಾಡಿದ್ದೆನಲ್ಲ, ಅದೆಲ್ಲ ವಾಪಸ್. ಅಮ್ಮ ಒಪ್ಪಿದಳು, ಅಕ್ಕನೂ ಒಪ್ಪಿದಳು, ಏಪ್ರಿಲ್ ಕೊನೆಯ ವಾರ ನಾವೆಲ್ಲ ರಾಜಧಾನಿಗೆ.

ಅಮ್ಮ ಒಪ್ಪಿದ್ದು ಸಣ್ಣ ವಿಷಯವಲ್ಲ. ಜ್ವರ ಬಂದರೆ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟುಕೊಂಡೇ ಕಾಜಾ ಹೊಲಿಯುವವಳು ಅವಳು. ಊರಿನ ಅರ್ಧ ಮಕ್ಕಳ ಯೂನಿಫಾರಂ ಹೊಲಿಯುವುದು ನಮ್ಮ ಅಂಗಡಿಯಲ್ಲಿ. ಏಪ್ರಿಲ್ ಅಂದರೆ ನಮಗೆ ತಲೆ ಕೆರೆದುಕೊಳ್ಳುವುದಕ್ಕೂ ಪುರುಸೊತ್ತಿರುವುದಿಲ್ಲ. ಅಂಥ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಊರು ನೋಡಲು ಹೊರಡುತ್ತಾಳಂತೆ. ನನ್ನ ಅದೃಷ್ಟಕ್ಕೆ ದೃಷ್ಟಿ ತೆಗೆಯಬೇಕು.

ನಿಜವಾದ ಕಾರಣ ಇಲ್ಲಿ ಮಾತ್ರ ಬರೆಯುತ್ತೇನೆ. ಏಪ್ರಿಲ್ ೨೭ರ ಸಂಜೆ ರಾಜಧಾನಿಯಲ್ಲಿ ಗುಡುಗು ಡ್ರಮ್ ಬಾರಿಸುತ್ತಾನೆ. ಗುಡುಗು, ನನ್ನ ಗುಡುಗು! ನಮ್ಮ ಅಭಿಮಾನಿ ಗ್ರೂಪು ‘ತಾಳ ತಪ್ಪಿದವರು’ ಬೆಳಗ್ಗಿನಿಂದ ಹೊತ್ತಿ ಉರಿಯುತ್ತಿದೆ. ಮನೆಯಲ್ಲಿ ಡ್ರಮ್ ಅಂದರೆ ನೀರು ತುಂಬಿಸುವ ಡ್ರಮ್ ಅಷ್ಟೇ. ಅದಕ್ಕೇ ಗುಂಡಿಯನ್ನು ಮುಂದೆ ಮಾಡಿದೆ.

ಗುಂಡಿ ಅಕ್ಕನ ಮಗಳು. ಎರಡು ವರ್ಷದವಳಿದ್ದಾಗ ಅಂಗಡಿಯ ಡಬ್ಬಿಗೆ ಕೈಹಾಕಿ ಅಂಗಿಯ ಗುಂಡಿ ನುಂಗಿ ಎಲ್ಲರನ್ನೂ ಆಸ್ಪತ್ರೆಗೆ ಓಡಿಸಿದವಳು. ಗುಂಡಿ ಹೊರಗೆ ಬಂತು, ಹೆಸರು ಉಳಿಯಿತು. ಈಗ ಒಂದನೇ ಕ್ಲಾಸು.

“ಪಾಪ, ಮಗು ಈ ಊರು ಬಿಟ್ಟು ಏನೂ ನೋಡಿಲ್ಲ. ತಿಮಿಂಗಿಲದ ಎಲುಬು ನೋಡಿಲ್ಲ, ನೆಲದಡಿ ಓಡೋ ರೈಲು ನೋಡಿಲ್ಲ,” ಅಂದೆ.

“ನಾನೂ ನೋಡಿಲ್ಲ. ಸತ್ತೋಗಿದೀನಾ?” ಅಂದಳು ಅಮ್ಮ.

ಆಮೇಲೆ ಅಕ್ಕ ಅಮ್ಮನ ಮುಖ ನೋಡಿದಳು. ಅಮ್ಮ ಕತ್ತರಿ ಕೆಳಗಿಟ್ಟಳು. “ಏಪ್ರಿಲ್ ಕೊನೇಗಾ? ಆಗ್ಲಿ ಬಿಡು. ನೀನೇ ಪ್ಲಾನ್ ಮಾಡು. ಮಗೂಗೆ ಚೆನ್ನಾಗಿ ಹೇಳು. ಕುಣ್ಕೊಂಡು ಬರ್ಬೇಕು ಅವಳು.”

ಗುಡುಗು, ಬರ್ತಾ ಇದೀನಿ!

ಮಾರ್ಚ್ ೬, ಬುಧವಾರ

ಮನೆಯವರದ್ದೇ ಒಂದು ಗ್ರೂಪ್ ಮಾಡಿದೆ. ಅಡ್ಮಿನ್ ನಾನು, ಸದಸ್ಯರು ಅಮ್ಮ ಮತ್ತು ಅಕ್ಕ. ಮೊದಲ ಪೋಲ್: ಮೃಗಾಲಯವೋ, ಮ್ಯೂಸಿಯಮ್ಮೋ, ಗಡಿಯಾರದ ಗೋಪುರವೋ, ಯಾವುದೂ ಬೇಡವೋ? ಅಮ್ಮ ನಾಲ್ಕಕ್ಕೂ ಒತ್ತಿದಳು. ಯಾಕಮ್ಮ ಅಂದರೆ, “ಪಾಪ, ಇಷ್ಟು ಕಷ್ಟಪಟ್ಟು ಬರ್ದಿದೀಯಲ್ಲ, ಯಾವುದಕ್ಕೆ ಇಲ್ಲ ಅನ್ಲಿ?” ಅಂತ. ಅಕ್ಕ ನೋಡಿದಳು, ಒತ್ತಲಿಲ್ಲ. ನಮ್ಮ ಅಭಿಮಾನಿ ಗ್ರೂಪಿನಲ್ಲಿ ಹೀಗೆ ನೋಡಿ ಸುಮ್ಮನಿರುವವರನ್ನು ‘ಗೋಡೆಮೇಲಿನ ಹಲ್ಲಿ’ ಅಂತ ಕರೆಯುತ್ತೇವೆ.

ದೊಡ್ಡ ತಲೆನೋವು ಗುಂಡಿಯದ್ದು. ಬರಲ್ಲ ಅಂತಾಳೆ! ಗುಂಡಿಗೆ ಭಯವಾಗದ ವಸ್ತು ಈ ಲೋಕದಲ್ಲಿ ಕಡಿಮೆ. ಮಿಕ್ಸಿ, ಬಲೂನು, ಮೀಸೆ ಇರುವವರು, ಲಿಫ್ಟು. ಬೇರೆಯವರ ಮನೆಯಲ್ಲಿ ಮಲಗು ಅಂದರೆ ಚಪ್ಪಲಿ ಹಾಕಿಕೊಂಡೇ ಮಲಗುತ್ತಾಳೆ, ಎದ್ದು ಓಡಿಬರಲು ಅನುಕೂಲ ಅಂತ.

“ಅವಳ ಭಯ ಬಿಡ್ಸೋದು ನಿನ್ನೊಬ್ಬಳಿಂದ್ಲೇ ಆಗೋದು ಕಣೇ,” ಅಂದಳು ಅಕ್ಕ. “ನೀನು ಹೇಳಿದ್ರೆ ನೀರಿಗೂ ಬೀಳ್ತಾಳೆ.”

ಹೊಗಳಿದರೆ ನಾನೂ ಬೀಳುತ್ತೇನೆ. ಒಂದು ಯೋಜನೆ ಹಾಕಿದೆ. ಹೊಸ ಆಲ್ಬಂ ಬರುವ ಮುಂಚೆ ನಾವು ಗ್ರೂಪಿನಲ್ಲಿ ಏನು ಮಾಡುತ್ತೇವೆ? ಬಿಲ್ಡಪ್. ಗುಂಡಿಗೂ ಅದೇ ಮದ್ದು. ದಿನಕ್ಕೊಂದು ಟೀಸರ್. ಇವತ್ತು ಮೊದಲನೆಯದು ಬಿಟ್ಟೆ.

“ಅಲ್ಲಿ ಒಂದು ಎಲುಬಿನ ಗೂಡು ಇದೆ ಗುಂಡಿ. ಅದರೊಳಗೆ ನಮ್ಮನೆ, ಅಂಗಡಿ, ಎದುರುಮನೆ ನಾಯಿ, ಎಲ್ಲಾ ಹಿಡ್ಸತ್ತೆ.”

“ನಾಯಿ ಎಲುಬು ತಿನ್ನಲ್ವಾ?”

“ಅದಕ್ಕೇ ಅದನ್ನ ಒಳಗೆ ಬಿಡಲ್ಲ.”

“ನನ್ನ ಬಿಡ್ತಾರಾ?”

“ನೀನು ಎಲುಬು ತಿಂತೀಯಾ?”

ತುಂಬ ಹೊತ್ತು ಯೋಚಿಸಿ, “ಇಲ್ಲ,” ಅಂದಳು.

“ಹಾಗಾದ್ರೆ ಬಿಡ್ತಾರೆ.”

ಮಲಗುವಾಗ ತಾನೇ ಬಂದು, “ಚಿಕ್ಕಿ, ನಾಳೆದು ಈಗ್ಲೇ ಹೇಳು,” ಅಂದಳು. ಸ್ಪಾಯ್ಲರ್ ಕೊಡಲ್ಲ ಅಂದೆ. ಮೀನು ಗಾಳ ಕಚ್ಚಿದೆ.

ಮಾರ್ಚ್ ೧೪, ಗುರುವಾರ

ಇವತ್ತು ಲಿಫ್ಟ್ ತರಬೇತಿ. ಅಕ್ಕ ಕೆಲಸ ಮಾಡುವ ಹಲ್ಲಿನ ಆಸ್ಪತ್ರೆ ಇರುವ ಕಟ್ಟಡದಲ್ಲಿ ಒಂದು ಮುದಿ ಲಿಫ್ಟ್ ಇದೆ. ನಿಲ್ಲುವಾಗಲೆಲ್ಲ ನಿಟ್ಟುಸಿರು ಬಿಡುತ್ತದೆ.

“ಅದು ಬಾಯಿ ಮುಚ್ಕೊಳತ್ತಲ್ಲ ಚಿಕ್ಕಿ, ಆಮೇಲೆ ತೆಗೀದಿದ್ರೆ?”

“ತೆಗೀಲೇಬೇಕು. ಒತ್ತಿದ್ರೆ ಅದರಪ್ಪನೂ ತೆಗೀಬೇಕು.”

“ಅದರಪ್ಪ ಎಲ್ಲಿದಾನೆ?”

“ಮೇಲೆ. ಹಗ್ಗ ಹಿಡ್ಕೊಂಡಿದಾನೆ.”

ಮೊದಲ ಸಲ ನನ್ನ ಕುತ್ತಿಗೆಗೆ ಜೋತುಬಿದ್ದಳು. ಎರಡನೇ ಸಲ ಕೈ. ಆಮೇಲೆ ಕಿರುಬೆರಳು. ಕೊನೆಗೆ ಒಬ್ಬಳೇ ಒಳಗೆ ನಿಂತು, ಹಲ್ಲುನೋವಿಗೆ ಕೆನ್ನೆ ಹಿಡಿದುಕೊಂಡು ಬಂದ ಮುದುಕರಿಗೆ, “ಹೆದರ್ಕೋಬೇಡಿ, ಅದರಪ್ಪ ಮೇಲಿದಾನೆ,” ಅಂದಳು! ನಾನು ಮೆಟ್ಟಿಲ ಮೇಲೆ ಕೂತು ನಕ್ಕಿದ್ದೇ ನಕ್ಕಿದ್ದು.

ಕೆಳಮಹಡಿಯ ಕನ್ನಡಕದ ಅಂಗಡಿಯವರು ಹೊರಗೆ ಬಂದರು. ಅಕ್ಕನನ್ನು ಮದುವೆಯಾಗುವವರು ಇವರೇ. ಒಳ್ಳೆಯವರು. ಮಾತಾಡುವ ಮುಂಚೆ ಕನ್ನಡಕ ಒರೆಸುತ್ತಾರೆ, ಒರೆಸಿಯಾದ ಮೇಲೂ ಮಾತಾಡುವುದಿಲ್ಲ. ಇವತ್ತು ಮಾತ್ರ ಗುಂಡಿಯ ತಲೆ ಸವರಿ, “ಭಯ ಹೋಯ್ತಾ ಪುಟ್ಟಿ? ಒಳ್ಳೇದಾಯ್ತು, ಅಲ್ಲಿ ಹನ್ನೊಂದನೇ ಮಹಡಿ ಅಲ್ವಾ,” ಅಂದರು. ಎಲ್ಲಿ ಅಂತ ಅಕ್ಕನನ್ನು ಕೇಳಿದೆ. ನಾವು ಉಳಿದುಕೊಳ್ಳುವ ಜಾಗವಂತೆ. ಹನ್ನೊಂದನೇ ಮಹಡಿಯಿಂದ ಫೋಟೋ! ಗ್ರೂಪಿನಲ್ಲಿ ಎಲ್ಲರ ಹೊಟ್ಟೆ ಉರಿಯಬೇಕು.

ಮಾರ್ಚ್ ೨೨, ಶುಕ್ರವಾರ

ಹನ್ನೊಂದನೇ ಮಹಡಿ ಹೋಟೆಲ್ ಅಲ್ಲವಂತೆ. ಹಳೇ ಭಾವನ ಮನೆ. ಗುಂಡಿಯ ಅಪ್ಪ. ಅಕ್ಕನಿಂದ ಬೇರೆಯಾದ ಮೇಲೆ ರಾಜಧಾನಿಗೆ ಹೋಗಿ ಲಿಫ್ಟ್ ಮೆಕ್ಯಾನಿಕ್ ಆಗಿದ್ದಾರೆ, ಅಲ್ಲೇ ಇನ್ನೊಂದು ಮದುವೆಯೂ ಆಗಿದೆ. ಪ್ರತಿ ಹುಟ್ಟುಹಬ್ಬಕ್ಕೆ ಒಂದು ಜೊತೆ ಶೂ ಕಳಿಸುತ್ತಾರೆ, ಪ್ರತಿ ಸಲವೂ ಹಿಂದಿನ ವರ್ಷದ ಅಳತೆ.

“ಅವರ ಮನೇಲಿ ನಾವೆಲ್ಲ ಹೋಗಿ ಬೀಳೋದಾ? ಮಾನ ಮರ್ಯಾದೆ ಬೇಡ್ವಾ?” ಅಂದೆ.

“ನಾವು ಬೇರೆ ಕಡೆ ಉಳ್ಕೊಳ್ಳೋಣ. ಗುಂಡಿ ಮಾತ್ರ ಶನಿವಾರ ಅವರಪ್ಪನ ಹತ್ರ ಇರ್ಲಿ,” ಅಂದಳು ಅಕ್ಕ.

ಶನಿವಾರ! ಇಪ್ಪತ್ತೇಳು! ಗುಂಡಿ ಅಲ್ಲಿದ್ದರೆ ಸಂಜೆ ನನಗೆ ರಜೆ. ‘ಜೊತೆ ಓದಿದ ಹುಡುಗಿ ಸಿಗ್ತಾಳೆ’ ಅಂತ ಒಂದು ಸುಳ್ಳು ಬಿಟ್ಟರೆ ನೇರ ಗುಡುಗಿನ ಮುಂದೆ. ತಕ್ಷಣ ಒಪ್ಪಿದೆ. ಎಷ್ಟು ಬೇಗ ಒಪ್ಪಿದೆನೆಂದರೆ ಅಕ್ಕನಿಗೇ ಆಶ್ಚರ್ಯವಾಯಿತು.

ಏಪ್ರಿಲ್ ೪, ಗುರುವಾರ

ಬರೆಯಲು ಕೈ ಏಳುತ್ತಿಲ್ಲ, ಹೆಮ್ಮಿಂಗ್ ಮಾಡಿ ಮಾಡಿ ಬೆರಳೆಲ್ಲ ಜರಡಿ. ಸೀಜನ್ನಿನಲ್ಲಿ ನನಗೆ ಮಕ್ಕಳ ಮುಖ ಕಾಣುವುದಿಲ್ಲ, ಬಟ್ಟೆ ಕಾಣುತ್ತದೆ. ಬಸ್‌ಸ್ಟಾಪಿನಲ್ಲಿ ‘ಬೂದು ಬಣ್ಣ, ಕೆಂಪು ಕಾಲರ್’ ಜಗಳವಾಡುತ್ತಿದ್ದರೆ, ‘ನೀಲಿ ಗೆರೆ’ ಚುಡಾಯಿಸುತ್ತಿರುತ್ತದೆ. ನಮ್ಮೂರಿನ ಯಾವ ಶಾಲೆಯ ಬಟ್ಟೆಯನ್ನಾದರೂ ಕಣ್ಣು ಮುಚ್ಚಿ ಮುಟ್ಟಿ ಹೇಳಬಲ್ಲೆ.

ಗುಂಡಿಯ ವಿಷಯ ಕೇಳು. ಅಂಗಡಿಗೆ ಬಂದವರಿಗೆಲ್ಲ ಟಿಕೆಟ್ ಇಲ್ಲದೆ ರಾಜಧಾನಿ ತೋರಿಸುತ್ತಿದ್ದಾಳೆ. ಮೀಸೆ ಇರುವ ಒಬ್ಬರು ಮಗನ ನಿಕ್ಕರ್ ಒಯ್ಯಲು ಬಂದಿದ್ದರು. ಅವರ ಎದುರಿಗೇ ಹೋಗಿ ನಿಂತು, “ಅಂಕಲ್, ನೀವು ತಿಮಿಂಗಿಲದ ಹೊಟ್ಟೇಲಿ ನಿಂತಿದೀರಾ?” ಅಂತ ಕೇಳಿದಳು. ಇಲ್ಲಮ್ಮ ಅಂದರು. “ನಾನು ನಿಲ್ತೀನಿ. ಆಮೇಲೆ ಬಂದು ನಿಮಗೆ ಹೇಳ್ತೀನಿ.”

ಅಮ್ಮನಿಗೆ ಏನಾಗಿದೆಯೋ. ಗುಂಡಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಅಳತೆ ತೆಗೆದಳು, ಮತ್ತೆ ಕರೆದು ಮತ್ತೆ ತೆಗೆದಳು. ಹಾಕಿರುವ ಫ್ರಾಕ್ ಸಾಲದೇನಮ್ಮ ಅಂದರೆ, “ನಿನ್ನ ಕೆಲಸ ನೋಡ್ಕೊ,” ಅಂತ ರೇಗಿದಳು. ಗ್ರೂಪ್ ನೋಡಲು ಬಿಡುವೇ ಇಲ್ಲ. ಗುಡುಗು ಕೂದಲು ಕತ್ತರಿಸಿಕೊಂಡಿದ್ದಾನಂತೆ. ಇರಲಿ.

ಏಪ್ರಿಲ್ ೧೧, ಗುರುವಾರ

ಹಸಿರು ಮತ್ತು ಸಾಸಿವೆ ಬಣ್ಣದ ಚೌಕಳಿ. ನಮ್ಮೂರಿನಲ್ಲಿ ಅಂಥ ಬಟ್ಟೆಯ ಶಾಲೆಯೇ ಇಲ್ಲ.

ಇಸ್ತ್ರಿ ಮೇಜಿನ ಕೆಳಗೆ ಹಳೇ ಬೆಡ್‌ಶೀಟಿನಲ್ಲಿ ಸುತ್ತಿತ್ತು. ನಾನು ಲೈನಿಂಗ್ ಬಟ್ಟೆ ಹುಡುಕುತ್ತಿದ್ದೆ. ಬಿಚ್ಚಿದರೆ ಒಂದು ಪಿನಾಫೋರ್, ತೋಳಿಲ್ಲದ ಯೂನಿಫಾರಂ ಫ್ರಾಕು, ಪುಟ್ಟದು. ಕೆಳಗಡೆ ಅಂಚಿನಲ್ಲಿ ಒಂದರ ಮೇಲೊಂದು ಮೂರು ಮಡಿಕೆ. ಯಾರು ಮೂರು ಮಡಿಕೆ ಬಿಡುತ್ತಾರೆ? ಒಂದು ಬಿಟ್ಟರೆ ಹೆಚ್ಚು. ಮೂರು ಅಂದರೆ ಮಗು ಬೆಳೆಯುತ್ತಾ ಹೋದ ಹಾಗೆ ಬಿಚ್ಚುತ್ತಾ ಹೋಗಲಿ ಅಂತ, ಮತ್ತೆ ಈ ಅಂಗಡಿಗೆ ಬರುವುದಿಲ್ಲ ಅಂತ.

ಯಾರದ್ದೋ ಆರ್ಡರ್ ಇರಬೇಕು ಅಂದುಕೊಂಡು ಭುಜ ಹಿಡಿದು ಎತ್ತಿದೆ. ಬಲಭುಜ ಒಂದಿಷ್ಟು ಕೆಳಗೆ. ಕತ್ತರಿಸುವಾಗ ತಪ್ಪಿದ್ದಲ್ಲ, ಬೇಕೆಂದೇ ಹಾಗೆ ಕತ್ತರಿಸಿದ್ದು. ಗುಂಡಿಯ ಬಲಭುಜ ಹುಟ್ಟಿನಿಂದ ಸ್ವಲ್ಪ ಇಳಿಜಾರು. ಅದು ಗೊತ್ತಿರುವುದು ಅಮ್ಮನ ಟೇಪಿಗೆ ಮತ್ತು ನನಗೆ.

ಹಿಡಿದುಕೊಂಡು ಅಂಗಡಿಯೊಳಗೆ ಹೋದೆ. ಅಮ್ಮನ ಬಾಯಲ್ಲಿ ಪಿನ್ನುಗಳಿದ್ದವು.

“ಅಮ್ಮಾ, ಇದು ಯಾವ ಸ್ಕೂಲು?”

“ಹೊಸಾದು.”

“ನಮ್ಮೂರಲ್ಲಿ ಯಾವ ಹೊಸ ಸ್ಕೂಲು ಬಂತು?”

ಒಂದೊಂದೇ ಪಿನ್ನು ತೆಗೆದು ದಿಂಬಿಗೆ ಚುಚ್ಚಿದಳು. ಎಲ್ಲ ಚುಚ್ಚಿಯಾದ ಮೇಲೆ ಹೇಳಿದಳು. ಅಕ್ಕ ಬೇರೆಯಾದಾಗಲೇ ಮಾತಾಗಿತ್ತಂತೆ, ಅಕ್ಕ ಮತ್ತೆ ಮದುವೆಯಾದರೆ ಮಗು ಅಪ್ಪನ ಕಡೆ. ಕನ್ನಡಕದ ಅಂಗಡಿಯವರ ತಾಯಿಗೆ ‘ಮಗು ಬೇಡ ಅಂತಲ್ಲ, ಈಗ್ಲೇ ಬೇಡ’ ಅಂತ. ಹಳೇ ಭಾವ ಅಲ್ಲಿ ಶಾಲೆಗೆ ಸೇರಿಸಿಯಾಗಿದೆ. ನಾವು ಹೋಗುತ್ತಿರುವುದು ಬಿಟ್ಟು ಬರುವುದಕ್ಕೆ.

“ನಾನು ಸಾಕ್ತೀನಿ ಅಂದೆ ಕಣೇ. ಅವಳಪ್ಪ ಕೇಳ್ದ, ತಾಯಿ ಹತ್ರ ಇಲ್ದಿದ್ರೆ ನನ್ನ ಹತ್ರ ಇರ್ಬೇಕು, ಅಜ್ಜಿ ಹತ್ರ ಯಾಕೆ ಅಂತ. ಏನು ಹೇಳ್ಲಿ?”

“ಮತ್ತೆ ಟ್ರಿಪ್ಪು?”

“ಅಳ್ತಾ ಹೋಗೋದಕ್ಕಿಂತ ನಗ್ತಾ ಹೋಗ್ಲಿ ಅಂತ.”

“ಅದಕ್ಕೆ ನನ್ನ ಕೈಲಿ ಪ್ಲಾನ್ ಮಾಡ್ಸಿದ್ರಾ?”

“ನಾವು ಹೇಳಿದ್ರೆ ಮುಖ ನೋಡೇ ಕಂಡುಹಿಡೀತಿದ್ಳು. ನೀನಾದ್ರೆ ನಿಜವಾಗ್ಲೂ ಖುಷಿಯಾಗಿದ್ದೆ.”

ಕೈಯಲ್ಲಿದ್ದ ಬಟ್ಟೆಯ ಮೇಲೇ ಸಿಟ್ಟು ತಿರುಗಿತು. “ಸರಿ. ಬಿಡೋದೇ ಆದ್ರೆ ಇದನ್ಯಾಕೆ ನೀನು ಹೊಲೀಬೇಕು? ಅಲ್ಲೇನು ಟೈಲರ್‌ಗಳಿಲ್ವಾ?”

“ಅಲ್ಲಿನವರು ಹೊಲಿದ್ರೆ ಭುಜ ಕೂರಲ್ಲ,” ಅಂದಳು ಅಮ್ಮ. ಅದೊಂದೇ ಕಾರಣಕ್ಕೆ ರಾಜಧಾನಿಯಿಂದ ಬಟ್ಟೆ ತರಿಸಿ, ನನ್ನ ಕಣ್ಣು ತಪ್ಪಿಸಿ ಹೊಲಿಯುತ್ತಿದ್ದಳು. ಒಂದು ರೆಡಿಮೇಡ್ ಸಾಕು ಅಂತ ಸುಮ್ಮನಿದ್ದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಏಪ್ರಿಲ್ ೧೨, ಶುಕ್ರವಾರ

ಗುಂಡಿ ಇವತ್ತಿನ ಟೀಸರ್ ಕೇಳಿದಳು. ತಲೆನೋವು ಅಂದೆ.

ಏಪ್ರಿಲ್ ೧೪, ಭಾನುವಾರ

ಅಕ್ಕ ಆಸ್ಪತ್ರೆಯ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. ಗುಂಡಿ ಎದುರುಮನೆಯಲ್ಲಿದ್ದಳು. ಬಾಗಿಲು ಹಾಕಿ ನಿಂತೆ.

“ನಾಚಿಕೆ ಆಗಲ್ವಾ ನಿನಗೆ?”

“ಆಗತ್ತೆ,” ಅಂದಳು. ತಲೆ ಎತ್ತಲಿಲ್ಲ. “ಮುಂದೆ ಹೇಳು.”

ಇಷ್ಟು ಸುಲಭವಾಗಿ ಒಪ್ಪಿಕೊಂಡರೆ ಜಗಳ ಹೇಗೆ ಆಡುವುದು? ಆದರೂ ಆಡಿದೆ. ಹೆತ್ತವಳಾ ನೀನು ಅಂದೆ, ಕನ್ನಡಕಕ್ಕೋಸ್ಕರ ಕಣ್ಣು ಮಾರಿಕೊಂಡೆ ಅಂದೆ. ಇಸ್ತ್ರಿಪೆಟ್ಟಿಗೆ ಒಂದೇ ಜಾಗದಲ್ಲಿ ನಿಂತಿತ್ತು, ಬಟ್ಟೆ ಸುಟ್ಟ ವಾಸನೆ ಬಂದಾಗ ಎತ್ತಿದಳು.

“ಆರು ವರ್ಷದಿಂದ ದಿನವೆಲ್ಲಾ ಬೇರೆಯವರ ಹಲ್ಲುನೋವು ಕೇಳಿ, ಮನೆಗೆ ಬಂದು ಇಸ್ತ್ರಿ ಹಾಕಿ ಮಲಗ್ತಿದೀನಿ. ನನಗೂ ಒಂದು ಮನೆ ಬೇಕು ಅನ್ಸಿದ್ದು ತಪ್ಪಾದ್ರೆ ತಪ್ಪು. ಅವಳನ್ನ ಬೀದೀಲಿ ಬಿಡ್ತಿಲ್ಲ, ಅಪ್ಪನ ಹತ್ರ ಬಿಡ್ತಿದೀನಿ.”

“ಹಾಗಾದ್ರೆ ಅವಳಿಗೆ ನಿಜ ಹೇಳು.”

“ನೀನೇ ಹೇಳು. ಹೋಗು, ಈಗ್ಲೇ ಹೇಳು. ಹೇಳಿದ ಮೇಲೆ ಹೋಗೋ ತನಕ ದಿನಾ ಅವಳ ಪಕ್ಕ ಮಲಗೋಳೂ ನೀನೇ ಆಗು.” ಆಮೇಲೆ ಸುಟ್ಟ ಕೋಟನ್ನು ಮಡಿಸುತ್ತಾ, ತಣ್ಣಗೆ, “ನಾವು ಜೂನ್ ಅಂದ್ಕೊಂಡಿದ್ವಿ ಕಣೇ. ಅಂಗಡಿ ಗದ್ದಲ ಮುಗಿದ ಮೇಲೆ. ಏಪ್ರಿಲ್‌ಗೇ ಹೋಗ್ಬೇಕು ಅಂತ ಹಟ ಹಿಡಿದಿದ್ದು ಯಾರು? ದಿನ ಗೊತ್ತು ಮಾಡೋಕೆ ಅಮ್ಮಂಗೂ ಧೈರ್ಯ ಇರ್ಲಿಲ್ಲ, ನೀನೇ ದಾರಿ ತೆಗ್ದೆ,” ಅಂದಳು.

ಸರಿಯಾಗಿ ಲೆಕ್ಕ ಹಾಕು ಅಡ್ಮಿನ್. ಒಂದು ಇಡೀ ಬೇಸಿಗೆ ರಜೆ ಗುಂಡಿ ಈ ಮನೆಯಲ್ಲಿ ಇರಬೇಕಿತ್ತು. ಅದನ್ನು ತಿಂದವಳು ನೀನು.

ಏಪ್ರಿಲ್ ೧೮, ಗುರುವಾರ

ಇವತ್ತು ಹೇಳಿಯೇಬಿಡುತ್ತೇನೆ ಅಂತ ಎದ್ದೆ.

ಮಧ್ಯಾಹ್ನ ಅವಳು ಕಟಿಂಗ್ ಮೇಜಿನ ಮೇಲೆ ಕೂತು ಬಟ್ಟೆಯ ಚೂರುಗಳನ್ನು ವಿಂಗಡಿಸುತ್ತಿದ್ದಳು. ರಾಜಧಾನಿಯ ಮಕ್ಕಳಿಗೆ ಕೊಡಲಿಕ್ಕಂತೆ, ‘ಅಲ್ಲಿ ಚೂರು ಸಿಗಲ್ಲ’.

“ಗುಂಡಿ, ಅಲ್ಲಿ ನಿನಗೆ ತುಂಬ ಇಷ್ಟ ಆದ್ರೆ ಏನ್ಮಾಡ್ತೀಯ?”

“ಇನ್ನೊಂದ್ಸಲ ಹೋಗೋಣ.”

“ಅಲ್ಲೇ ಇದ್ದುಬಿಡೋಣ ಅನ್ಸಿದ್ರೆ?”

ಕೈ ನಿಂತಿತು. “ಯಾರು ಯಾರು?”

ಹೇಳಬೇಕಿತ್ತು. ಬಾಯಿ ತುದಿಯಲ್ಲೇ ಇತ್ತು. ಅವಳ ಕೆಳತುಟಿ ಆಗಲೇ ಒಂದು ಕಡೆಗೆ ವಾಲುತ್ತಿತ್ತು, ಮಿಕ್ಸಿ ಶುರುವಾಗುವ ಮುಂಚೆ ವಾಲುವ ಹಾಗೆ.

“ಯಾರೂ ಇಲ್ಲಪ್ಪ, ಸುಮ್ನೆ ಕೇಳ್ದೆ. ಇವತ್ತಿನ ಟೀಸರ್ ಬೇಕೋ ಬೇಡ್ವೋ?”

ಬೇಕು ಬೇಕು ಅಂತ ಮೇಜಿನಿಂದ ನನ್ನ ಮೇಲೆ ಹಾರಿದಳು. ನನ್ನ ಹತ್ತಿರ ಟೀಸರ್ ಉಳಿದಿರಲಿಲ್ಲ. ಓದಿ ತಿಳಿದುಕೊಂಡದ್ದೆಲ್ಲ ಮುಗಿದಿತ್ತು. ಹುಟ್ಟಿಸಿಕೊಂಡು ಹೇಳಿದೆ. ಅಲ್ಲೊಂದು ಉದ್ಯಾನ ಇದೆ, ಅಲ್ಲಿನ ಬೆಂಚುಗಳ ಮೇಲೆ ಕೂತರೆ ಅವು ನಮ್ಮ ಕಾಲಿನ ಅಳತೆಗೆ ತಗ್ಗುತ್ತವೆ ಅಂತ. ನಂಬಿದಳು. ನಿಜ ಹೇಳುವಾಗ ಇಷ್ಟು ಸಲೀಸಾಗಿ ಮಾತು ಬಂದದ್ದೇ ಇಲ್ಲ ನನಗೆ.

ಗ್ರೂಪಿನಲ್ಲಿ ನನ್ನ ಹೆಸರು ಹಿಡಿದು ಯಾರೋ ಏನೋ ಕೇಳಿದ್ದಾರೆ. ತೆರೆದು ನೋಡಿಲ್ಲ.

ಏಪ್ರಿಲ್ ೨೬, ಶುಕ್ರವಾರ

ರಾಜಧಾನಿ. ಎಲ್ಲ ಇದೆ. ತಿಮಿಂಗಿಲ ನಾನು ಹೇಳಿದ್ದಕ್ಕಿಂತ ಚಿಕ್ಕದು, ಆದರೆ ಗುಂಡಿಗೆ ಹಾಗನಿಸಲಿಲ್ಲ. ಎಲುಬುಗಳ ಕೆಳಗೆ ನಿಂತು ಕೂಗಿದಳು, “ಚಿಕ್ಕಿ, ನಮ್ಮನೆ ಇಲ್ಲಿ, ಅಂಗಡಿ ಇಲ್ಲಿ! ಅಜ್ಜಿ, ನೀನು ಇಲ್ಲಿ ಕೂತ್ಕೊ!” ಕಾವಲುಗಾರ ಸುಮ್ಮನಿರಿಸಲು ಬಂದವನು ತಾನೂ ನಕ್ಕು ಹೋದ.

ನೆಲದಡಿಯ ರೈಲು ಬಂದಾಗ ಗಾಳಿ ನುಗ್ಗಿ ಅಮ್ಮನೇ ಹೆದರಿ ನನ್ನ ಕೈ ಹಿಡಿದಳು. ಗುಂಡಿ ಅಮ್ಮನ ಇನ್ನೊಂದು ಕೈ ಹಿಡಿದು, “ಹೆದರ್ಕೋಬೇಡ ಅಜ್ಜಿ, ಅದು ನಮ್ಮನ್ನ ಕರ್ಕೊಂಡು ಹೋಗೋಕೆ ಬಂದಿರೋದು,” ಅಂದಳು.

ಅಕ್ಕ ಫೋಟೋ ತೆಗೆಯುತ್ತಲೇ ಇದ್ದಳು. ಗುಂಡಿ ನೀರು ಕುಡಿದರೆ ಫೋಟೋ, ಶೂ ಲೇಸ್ ಕಟ್ಟಿಕೊಂಡರೆ ಫೋಟೋ. ಸಾಕು ಅಂತ ಅಮ್ಮ ಫೋನ್ ಕಸಿದುಕೊಂಡಳು.

ಉದ್ಯಾನದಲ್ಲಿ ಗುಂಡಿ ಒಂದೊಂದೇ ಬೆಂಚಿನ ಮೇಲೆ ಕೂತು ಕಾದಳು. ಒಂದೂ ತಗ್ಗಲಿಲ್ಲ. “ಇವತ್ತು ರಿಪೇರಿ ಇರ್ಬೇಕು ಅಲ್ವಾ ಚಿಕ್ಕಿ?” ಅಂತ ತಾನೇ ನನ್ನನ್ನು ಉಳಿಸಿದಳು.

ಏಪ್ರಿಲ್ ೨೭, ಶನಿವಾರ

ಹನ್ನೊಂದನೇ ಮಹಡಿ.

ಹಳೇ ಭಾವ ಕೆಳಗೇ ಕಾಯುತ್ತಿದ್ದರು. ಕುಕ್ಕರಗಾಲಲ್ಲಿ ಕೂತು ಕೈ ಚಾಚಿದರು. ಗುಂಡಿ “ನಮಸ್ತೆ ಅಂಕಲ್” ಅಂದಳು. ಅಕ್ಕ ತಿದ್ದಿದಳು. “ನಮಸ್ತೆ ಅಪ್ಪ ಅಂಕಲ್,” ಅಂದಳು. ಲಿಫ್ಟಿನಲ್ಲಿ ಅವರಿಗೇ ಪಾಠ, ಯಾವುದನ್ನು ಒತ್ತಬೇಕು, ಹೇಗೆ ನಿಲ್ಲಬೇಕು, ಅದರಪ್ಪ ಮೇಲಿದಾನೆ ಅಂತ. ಅವರು ಇಡೀ ದಿನ ಲಿಫ್ಟಿನ ಹಗ್ಗಕ್ಕೇ ಎಣ್ಣೆ ಹಾಕುವವರು, ಆದರೂ “ಹೌದಾ?” ಅಂದರು. ಕೆಟ್ಟವರು ಅಂತ ಬರೆಯೋಣ ಅಂದರೆ ಅದಕ್ಕೂ ಅವಕಾಶ ಕೊಡಲಿಲ್ಲ.

ಅವರ ಹೆಂಡತಿ ನನಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ಸೇಬು ಹೆಚ್ಚಿಟ್ಟಿದ್ದಳು, ನಾವು ತಡವಾಗಿ ಹೋದದ್ದಕ್ಕೆ ಕಂದು ತಿರುಗಿತ್ತು. ಅದಕ್ಕೆ ಮತ್ತೆ ಮತ್ತೆ ಕ್ಷಮೆ ಕೇಳಿದಳು. ಗುಂಡಿಗೆ ಒಂದು ಕೋಣೆ, ಗೋಡೆಗೆ ಹೊಸ ಬಣ್ಣದ ವಾಸನೆ.

ಅಮ್ಮ ಬ್ಯಾಗ್ ಬಿಚ್ಚಿ ಚೌಕಳಿಯನ್ನು ಆ ಹುಡುಗಿಯ ತೊಡೆಯ ಮೇಲೆ ಹರಡಿದಳು. “ಕೆಳಗೆ ಮೂರು ಮಡಿಕೆ ಬಿಟ್ಟಿದೀನಮ್ಮ. ವರ್ಷಕ್ಕೊಂದು ಬಿಚ್ಚು. ಬ್ಲೇಡಲ್ಲಿ ಬಿಚ್ಚು, ಎಳೀಬೇಡ. ಬಲಭುಜ ಹಾಗೇ ಇರ್ಬೇಕು, ಸರಿಯಾಗಿಲ್ಲ ಅಂತ ಯಾರ ಕೈಲೂ ತಿದ್ದಿಸ್ಬೇಡ.” ಆ ಹುಡುಗಿ ಪರೀಕ್ಷೆಗೆ ಓದಿಕೊಳ್ಳುವವಳ ಹಾಗೆ ತಲೆಯಾಡಿಸುತ್ತಿದ್ದಳು.

ಹೊರಡುವ ಹೊತ್ತಾಯಿತು. ಅಕ್ಕ ಬಾಗಿಲ ಹೊರಗೆ ಗೋಡೆ ಹಿಡಿದು ನಿಂತಿದ್ದಳು. “ನನ್ನ ಕೈಲಾಗಲ್ಲ. ನೀನು ಹೇಳಿಬಿಡು, ನೀನು ಹೇಳಿದ್ರೆ ಕೇಳ್ತಾಳೆ.” ಅಮ್ಮ ಕೂಡ ನನ್ನನ್ನೇ ನೋಡಿದಳು. ಹಳೇ ಭಾವನೂ. ಇಷ್ಟೊಂದು ದೊಡ್ಡವರಿದ್ದೂ, ಆ ಒಂದು ಮಾತು ಹೇಳಲಿಕ್ಕೆಂದೇ ನನ್ನೊಬ್ಬಳನ್ನು ಸಾಕಿದ್ದರು ಅನ್ನುವ ಹಾಗೆ.

ನಾನು ಒಳಗೆ ಹೋಗಿ ಗುಂಡಿಯ ಮುಂದೆ ಕೂತೆ.

“ಗುಂಡಿ, ಈಗ ಟ್ರಿಪ್‌ನ ಸ್ಪೆಷಲ್ ಭಾಗ. ಇದು ಮಕ್ಕಳಿಗೆ ಮಾತ್ರ, ದೊಡ್ಡೋರಿಗೆ ಪ್ರವೇಶ ಇಲ್ಲ. ಅಪ್ಪ ನಿನಗೆ ಇಡೀ ಊರು ತೋರಿಸ್ತಾರೆ, ನಮಗೆ ತೋರಿಸ್ದೇ ಇರೋದನ್ನೆಲ್ಲ.”

“ನೀನು?”

“ನೀನು ಎಲ್ಲಾ ನೋಡಿ ಮುಗಿಸಿದ ಮೇಲೆ ನಾನು ಬರ್ತೀನಿ.”

“ಎಲ್ಲಾ ಮುಗಿದ ಮೇಲೆ?”

“ಎಲ್ಲಾ.”

“ಪ್ರಾಮಿಸ್ಸಾ?”

ಪ್ರಾಮಿಸ್ ಅಂದೆ. ಟಾಟಾ ಮಾಡಿದಳು. ನಕ್ಕೊಂಡೇ ಮಾಡಿದಳು. ಎಲ್ಲರೂ ಬಯಸಿದ್ದು ಅದೇ ತಾನೇ?

ಆಮೇಲೆ ರೈಲ್ವೆ ನಿಲ್ದಾಣದಲ್ಲಿ ಬೆಂಚಿನ ಮೇಲೆ ಕೂತಿದ್ದೆವು. ಸಂಜೆಯೆಲ್ಲ ಅಲ್ಲೇ. ಅಮ್ಮ ಬ್ರೆಡ್ ತಂದಳು, ಯಾರೂ ತಿನ್ನಲಿಲ್ಲ. ಊರಿನಲ್ಲಿ ಎಲ್ಲೋ ಜನ ಕೂಗುವ ಸದ್ದು ಗಾಳಿಯಲ್ಲಿ ಬಂದು ಹೋಗುತ್ತಿತ್ತು. ಯಾವುದೋ ಕಾರ್ಯಕ್ರಮ ಇರಬೇಕು.

ಮೇ ೫, ಭಾನುವಾರ

ಹಳೇ ಭಾವನ ಹೆಂಡತಿ ಫೋನ್ ಮಾಡಿದ್ದಳು. ಪಿಸುಮಾತಿನಲ್ಲಿ ಕೇಳಿದಳು, “ಏನು ಹೇಳಿದ್ರಿ ನೀವು ಇವಳಿಗೆ?”

ಯಾಕೆ ಅಂದೆ.

“ಮೃಗಾಲಯಕ್ಕೆ ಕರ್ಕೊಂಡು ಹೋದ್ವಿ. ಯಾವ ಪ್ರಾಣೀನೂ ನಿಂತು ನೋಡ್ಲಿಲ್ಲ. ಹುಲಿ ಆಯ್ತು, ಆನೆ ಆಯ್ತು, ಮುಂದಿಂದು ಮುಂದಿಂದು ಅಂತ ಕೈ ಹಿಡ್ದು ಓಡಿಸ್ತಾಳೆ. ಬೆಳಗ್ಗೆ ಎದ್ದ ಕೂಡ್ಲೇ ಶೂ ಹಾಕ್ಕೊಂಡು, ಇವತ್ತು ಯಾವುದು ಮುಗಿಸೋಣ ಅಂತ ಕೇಳ್ತಾಳೆ. ಊರು ನೋಡೋಕೆ ಇಷ್ಟೊಂದು ಅವಸರ ಯಾಕೆ ಅಂತ ಇವರು ಕೇಳಿದ್ರೆ, ನಗ್ತಾಳೆ ಅಷ್ಟೆ.”

ನನಗೆ ಗೊತ್ತಿಲ್ಲ ಅಂದೆ. ಅಕ್ಕ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು. “ಹೊಂದ್ಕೊಂಡಿದಾಳಾ?” ಅಂದಳು. ಹೊಂದ್ಕೊಂಡಿದಾಳೆ ಅಂದೆ. ಇದನ್ನೂ ಸಲೀಸಾಗಿ ಅಂದೆ.

‘ತಾಳ ತಪ್ಪಿದವರು’ ಗ್ರೂಪಿನಿಂದ ನನ್ನನ್ನು ತೆಗೆದುಹಾಕಿದ್ದಾರೆ. ಬಹಳ ದಿನ ಮಾತಾಡದವರನ್ನು ತೆಗೆಯುವ ನಿಯಮ ಮಾಡಿದ್ದು ನಾನೇ.

ಮೇ ೧೧, ಶನಿವಾರ

ಇವತ್ತು ಗುಂಡಿಯೇ ಮಾತಾಡಿದಳು. ನಾನು ಅಂಗಡಿಯಲ್ಲಿ ಹೆಮ್ಮಿಂಗ್ ಮಾಡುತ್ತಿದ್ದೆ, ಅಮ್ಮ ಮೆಷಿನ್ನಿನ ಮೇಲಿದ್ದಳು. ಸ್ಪೀಕರ್ ಹಾಕಿದೆ.

“ಚಿಕ್ಕಿ, ಎಲ್ಲಾ ಮುಗೀತು!”

ಅಮ್ಮನ ಮೆಷಿನ್ ನಿಂತಿತು.

“ಗೋಪುರ ಮುಗೀತು, ಮೀನಿನ ಮನೆ ಮುಗೀತು, ಸೇನೆಯವರ ಮ್ಯೂಸಿಯಂ ಇತ್ತಲ್ಲ, ಅದೂ ಮುಗೀತು. ಅಲ್ಲಿ ಏನೂ ಚೆನ್ನಾಗಿರ್ಲಿಲ್ಲ, ಆದ್ರೂ ನೋಡ್ದೆ. ಅಪ್ಪನ್ನ ಕೇಳ್ದೆ, ಇನ್ನೇನೂ ಇಲ್ವಂತೆ. ಈಗ ಬಾ.”

ಹೇಳು. ಈಗ ಹೇಳು. ಬಾಯಿ ತೆಗೆದೆ. ಅಮ್ಮ ನನ್ನ ಕಡೆ ನೋಡದೆ ಸೂಜಿಗೆ ದಾರ ಪೋಣಿಸುತ್ತಿದ್ದಳು, ಆಗಲೇ ಪೋಣಿಸಿದ್ದ ಸೂಜಿಗೆ.

“ಇನ್ನೊಂದಿದೆ ಗುಂಡಿ,” ಅಂದೆ.

“ಯಾವುದು?”

“ಗಾಜಿನ ಸೇತುವೆ. ಮೇಲೆ ನಡ್ಕೊಂಡು ಹೋದ್ರೆ ಕೆಳಗೆ ನೀರು ಕಾಣತ್ತೆ.”

“ಅಪ್ಪ ಹೇಳ್ಲೇ ಇಲ್ಲ.”

“ಅಪ್ಪಂಗೆ ಗೊತ್ತಿಲ್ಲ. ಮಳೆಗಾಲ ಮುಗಿದ ಮೇಲೇ ಅದರ ಬಾಗಿಲು ತೆಗೀತಾರೆ.”

ಆಮೇಲೆ, ಅಂಗಡಿಗೆ ಬಂದ ಗಿರಾಕಿ ಕೊನೆಯ ಸಲ ಚೌಕಾಸಿ ಮಾಡುವ ದನಿಯಲ್ಲಿ, ದೊಡ್ಡವರ ದನಿಯಲ್ಲಿ ಕೇಳಿದಳು:

“ಅದು ಕೊನೇದಾ ಚಿಕ್ಕಿ?”

ವಿಚಾರಿಸಿ ಹೇಳ್ತೀನಿ, ನಾಳೆ ಫೋನ್ ಮಾಡು ಅಂದೆ. ಸರಿ ಅಂದಳು. ಮಾಡೇ ಮಾಡುತ್ತಾಳೆ. ಅಮ್ಮ ಮೆಷಿನ್ ತುಳಿಯತೊಡಗಿದಳು. ಅಕ್ಕ ಬಂದು, ಏನಂತೆ ಅಂದಳು, ನಾನು ಹೆಮ್ಮಿಂಗ್ ಮುಂದುವರಿಸಿದೆ.

ಇಷ್ಟು ದಿನ ನಾನು ಬರೆದದ್ದನ್ನೆಲ್ಲ ತುಟಿ ಪಿಟಕ್ ಅನ್ನದೆ ನುಂಗಿದೆಯಲ್ಲ, ಗೋಡೆಮೇಲಿನ ಹಲ್ಲಿ, ನಿನಗೇ ಕೇಳುತ್ತಿದ್ದೇನೆ. ಸುಳ್ಳಿ ಅಂತೀಯಾ? ಅನ್ನು. ಪಾಪಿ ಅಂತೀಯಾ? ಅದನ್ನೂ ಅನ್ನು. ಆದರೆ ನಾಳೆ ಫೋನ್ ಬಂದಾಗ ನೀನೇ ಎತ್ತು. ಒಂದನೇ ಕ್ಲಾಸಿನ ಹುಡುಗಿ, ಶೂ ಹಾಕಿಕೊಂಡು ನಿಂತಿರುತ್ತಾಳೆ, ಅದು ಕೊನೇದಾ ಅಂತ ಕೇಳುತ್ತಾಳೆ. ಹೇಳು ನೋಡೋಣ, ಏನಂತೀಯ?